ನಾಯಿ, ಬೆಕ್ಕುಗಳ ಗಾಯಕ್ಕೆ ಹುಳ ಬಿದ್ದಾಗ: ಮನೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಮಳೆಗಾಲದಲ್ಲಿ ಸಾಕುನಾಯಿಯ ಮೈಯಿಂದ ಕೊಳೆತ ಮಾಂಸದ ವಾಸನೆ ಬರತೊಡಗಿದರೆ, ಅದಕ್ಕೆ ಸ್ನಾನ ಮಾಡಿಸಲು ಹೊರಡುವ ಮೊದಲು ಒಳ್ಳೆಯ ಬೆಳಕಿನಲ್ಲಿ ನಿಲ್ಲಿಸಿ, ಕೂದಲು ಬಿಡಿಸಿ, ಮೈಯೆಲ್ಲ ತಡವಿ ನೋಡಬೇಕು. ಗಾಯಕ್ಕೆ ಹುಳ ಬಿದ್ದಿರುವುದು ಅನೇಕ ಸಲ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಒಂದೇ ಜಾಗವನ್ನು ಬಿಡದೆ ನೆಕ್ಕುವುದು, ಪದೇ ಪದೇ ತಲೆ ಕೊಡವುವುದು, ಮಂಚದಡಿಯ ಕತ್ತಲಿಗೆ ಹೋಗಿ ಮಲಗುವುದು, ಊಟ ಬಿಡುವುದು, ಕೂದಲಿನ ನಡುವೆ ತಿಳಿರಕ್ತ ಬೆರೆತ ಕೀವಿನಂಥ ದ್ರವ ಅಂಟಿರುವುದು ಉಳಿದ ಲಕ್ಷಣಗಳು. ನೊಣದ ಮರಿಹುಳುಗಳು ಪ್ರಾಣಿಯ ಚರ್ಮವನ್ನೂ ಮಾಂಸವನ್ನೂ ತಿಂದು ಬೆಳೆಯುವ ಈ ತೊಂದರೆಯನ್ನು ವೈದ್ಯರು ಮಯಾಸಿಸ್ ಎನ್ನುತ್ತಾರೆ. ಇದು ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ ಉಲ್ಬಣಿಸುವಂಥದ್ದು. ಆದ್ದರಿಂದ ಸಂಜೆ ಕಂಡದ್ದನ್ನು ಭಾನುವಾರ ಕಳೆಯಲಿ ಎಂದು ಮುಂದೂಡುವಂತಿಲ್ಲ.

ಯಾವ ನೊಣ, ಎಂಥ ಹಾನಿ

ಎಲ್ಲ ನೊಣಗಳ ಹಾನಿಯೂ ಒಂದೇ ಮಟ್ಟದ್ದಲ್ಲ. ಲುಸೀಲಿಯಾ ಕುಲದ ಹೊಳೆಯುವ ಹಸಿರು ನೊಣಗಳು ಮಲಮೂತ್ರದಿಂದ ತೊಯ್ದು ಗಂಟುಗಟ್ಟಿದ ಕೂದಲಿನಲ್ಲಿ, ಇಲ್ಲವೇ ಕೀವು ತುಂಬಿದ ಹಳೆಯ ಗಾಯದಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಮರಿಗಳು ಮೊದಲು ಸತ್ತ ಅಂಗಾಂಶವನ್ನೂ ಸ್ರಾವವನ್ನೂ ತಿಂದು, ಆಮೇಲೆ ಸುತ್ತಲಿನ ಚರ್ಮವನ್ನು ಕೆಡಿಸುತ್ತವೆ. ಸಾರ್ಕೊಫಗಾ ಕುಲದ ಬೂದುಬಣ್ಣದ ಮಾಂಸದ ನೊಣಗಳು ಮೊಟ್ಟೆಯ ಬದಲು ಜೀವಂತ ಮರಿಹುಳುಗಳನ್ನೇ ಗಾಯದಲ್ಲಿ ಬಿಟ್ಟು ಹಾರಿಹೋಗುತ್ತವೆ. ಇವೆರಡಕ್ಕಿಂತ ಕ್ರೂರವಾದದ್ದು ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೀಲಿಹಸಿರು ನೊಣ. ಆಫ್ರಿಕಾ, ಭಾರತ ಉಪಖಂಡ ಮತ್ತು ಆಗ್ನೇಯ ಏಷ್ಯಾಗಳಲ್ಲಿ ಕಾಣಸಿಗುವ ಈ ನೊಣದ ಮರಿಗಳು ಸತ್ತ ಪ್ರಾಣಿಯ ಮೇಲೆ ಬದುಕುವುದಿಲ್ಲ. ಅವುಗಳಿಗೆ ಬೇಕಾದದ್ದು ಜೀವಂತ ಮಾಂಸ. ಹೆಣ್ಣುನೊಣ ಗಾಯದ ಅಂಚಿನಲ್ಲಿ ಒಮ್ಮೆಗೆ ನೂರರಿಂದ ಇನ್ನೂರೈವತ್ತರಷ್ಟು ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಅವು ಒಂದು ದಿನದೊಳಗೆ ಒಡೆಯುತ್ತವೆ. ಹೊರಬಂದ ಮರಿಗಳು ತಲೆಯನ್ನು ಒಳಗೆ ಚುಚ್ಚಿಕೊಂಡು ಐದಾರು ದಿನ ತಿಂದು, ಒಂದೂವರೆ ಸೆಂಟಿಮೀಟರ್‌ವರೆಗೆ ಬೆಳೆದು, ನೆಲಕ್ಕೆ ಉದುರಿ ಮಣ್ಣಿನೊಳಗೆ ಕೋಶ ಕಟ್ಟುತ್ತವೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ವಾರಕ್ಕೆ ಅಲ್ಲಿಂದ ಹೊಸ ನೊಣ ಏಳುತ್ತದೆ.

ಈ ಗಾಯವನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ಗಮನಕ್ಕೆ ಬಂದಿರುತ್ತದೆ. ಮೇಲಿಂದ ಕಾಣುವುದು ಚರ್ಮದಲ್ಲಿ ಒಂದು ಬಟಾಣಿಯಷ್ಟು ಅಗಲದ ರಂಧ್ರ ಮಾತ್ರ. ಅದರೊಳಗೆ ಟಾರ್ಚಿನ ಬೆಳಕು ಬಿಟ್ಟರೆ ಬಿಳಿ ತುದಿಗಳು ಸಾಲಾಗಿ ನಿಂತಿರುತ್ತವೆ, ಪ್ರತಿ ತುದಿಯ ಮೇಲೂ ಎರಡು ಕಂದು ಚುಕ್ಕೆಗಳಿರುತ್ತವೆ, ಮುಟ್ಟಿದ ಕ್ಷಣವೇ ಎಲ್ಲವೂ ಒಳಕ್ಕೆ ಸರಿಯುತ್ತವೆ. ಆ ಚುಕ್ಕೆಗಳು ಕಣ್ಣುಗಳಲ್ಲ, ಹುಳುವಿನ ಹಿಂಭಾಗದಲ್ಲಿರುವ ಉಸಿರುರಂಧ್ರಗಳು. ತಿನ್ನಲು ಬಾಯಿ ಒಳಗೆ, ಉಸಿರಾಡಲು ಬಾಲ ಹೊರಗೆ ಎಂಬ ಈ ನಿಲುವನ್ನು ನೆನಪಿಟ್ಟುಕೊಂಡರೆ ಹುಳ ತೆಗೆಯುವ ವಿಧಾನ ತಾನಾಗಿ ಅರ್ಥವಾಗುತ್ತದೆ. ಚರ್ಮದಡಿಯ ಪೊಳ್ಳು ರಂಧ್ರಕ್ಕಿಂತ ಬಹಳ ದೊಡ್ಡದಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಕಂಡ ಹುಳುಗಳನ್ನು ಎಣಿಸಿ ಇಷ್ಟೇ ಎಂದು ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ.

ಎಲ್ಲಿ ಹುಡುಕಬೇಕು

ನೊಣಕ್ಕೆ ದೊಡ್ಡ ಗಾಯವೇ ಬೇಕೆಂದಿಲ್ಲ. ಉಣ್ಣೆ ಕಚ್ಚಿದ ಜಾಗ, ಉಗುರಿನಿಂದ ಕೆರೆದ ಗೆರೆ ಕೂಡ ಸಾಕು. ನಾಯಿಗಳಲ್ಲಿ ಕಿವಿಯ ಬುಡ ಮತ್ತು ಕಿವಿಯ ಒಳಗು, ಕಾಲ್ಬೆರಳುಗಳ ಸಂದು, ಬಾಲದ ಬುಡ, ಗುದದ ಸುತ್ತ, ಕೊರಳಪಟ್ಟಿಯ ಅಡಿ, ಶಸ್ತ್ರಚಿಕಿತ್ಸೆಯ ಹೊಲಿಗೆ, ಇವು ಮೊದಲು ನೋಡಬೇಕಾದ ಜಾಗಗಳು. ಜರ್ಮನ್ ಶೆಫರ್ಡ್‌ನಂಥ ನಿಮಿರುಗಿವಿಯ ನಾಯಿಗಳಿಗೆ ಕಚ್ಚುನೊಣಗಳು ಕಿವಿಯ ತುದಿಯನ್ನೇ ಕಚ್ಚಿ ರಕ್ತ ಹೀರುತ್ತವೆ, ಕಪ್ಪು ಹೆಕ್ಕಳಿಕೆ ಕಟ್ಟುತ್ತದೆ, ಆ ಹೆಕ್ಕಳಿಕೆಯಡಿ ಬೇರೆ ಜಾತಿಯ ನೊಣ ಬಂದು ಮೊಟ್ಟೆಯಿಡುತ್ತದೆ. ಬೀದಿನಾಯಿಗಳಲ್ಲಿ ಜನನಾಂಗದ ಬಳಿ ಹುಳ ಕಂಡರೆ, ಸಂಭೋಗದಿಂದ ಹರಡುವ ಗಡ್ಡೆಯೊಂದು ಅಲ್ಲಿ ಮೊದಲೇ ಇದ್ದು, ಅದರ ಸ್ರಾವಕ್ಕೆ ನೊಣ ಬಂದಿರುವ ಸಾಧ್ಯತೆ ಹೆಚ್ಚು. ಅಂಥಲ್ಲಿ ಹುಳ ತೆಗೆದರಷ್ಟೇ ಕೆಲಸ ಮುಗಿಯುವುದಿಲ್ಲ, ಗಡ್ಡೆಗೂ ಚಿಕಿತ್ಸೆ ಆಗಬೇಕು. ಹೊಸದಾಗಿ ಹುಟ್ಟಿದ ಮರಿಗಳ ಹೊಕ್ಕುಳನ್ನೂ, ಮುದಿನಾಯಿಗಳ ಒಸಡನ್ನೂ ಮರೆಯದೆ ನೋಡಬೇಕು.

ಬೆಕ್ಕುಗಳ ಕಥೆ ಸ್ವಲ್ಪ ಬೇರೆ. ಮೈಯನ್ನು ತಾವೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಕಾರಣ ಆರೋಗ್ಯವಂತ ಬೆಕ್ಕಿಗೆ ಹುಳ ಬೀಳುವುದು ಕಡಿಮೆ. ಬಿದ್ದಿದೆಯೆಂದರೆ, ಗಂಡುಬೆಕ್ಕುಗಳ ಕಾದಾಟದಲ್ಲಿ ಕಚ್ಚಿಸಿಕೊಂಡ ಜಾಗ ಒಳಗೇ ಕೀವುಗಟ್ಟಿ ಒಡೆದಿದೆ, ಇಲ್ಲವೇ ವಾಹನ ತಾಗಿ ಸೊಂಟ ಬಿದ್ದ ಬೆಕ್ಕು ಹಿಂಭಾಗವನ್ನು ನೆಕ್ಕಿಕೊಳ್ಳಲಾರದೆ ಮೂತ್ರದಲ್ಲೇ ಮಲಗಿದೆ ಎಂದು ಊಹಿಸಬಹುದು. ಬೆಕ್ಕು ನೋವನ್ನು ತೋರಿಸಿಕೊಳ್ಳುವುದಿಲ್ಲ. ಎರಡು ದಿನ ಕಾಣೆಯಾಗಿದ್ದು ಬಂದ ಬೆಕ್ಕನ್ನು ಹಾಲು ಕೊಟ್ಟು ಮುದ್ದಿಸುವುದರ ಜತೆಗೆ ಕೆನ್ನೆ, ಮುಂಗಾಲು, ಬಾಲದ ಬುಡಗಳಲ್ಲಿ ಬೆರಳಾಡಿಸಿ ನೋಡುವುದು ಒಳ್ಳೆಯದು.

ಮೊದಲ ತೀರ್ಮಾನ: ಮನೆಯೋ, ಆಸ್ಪತ್ರೆಯೋ

ಗಾಯ ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾಗಿದ್ದು, ಆಳವಿಲ್ಲದೆ, ಕಾಲು ಅಥವಾ ಬೆನ್ನಿನಂಥ ಜಾಗದಲ್ಲಿದ್ದು, ನಾಯಿ ಲವಲವಿಕೆಯಿಂದ ಊಟ ಮಾಡುತ್ತಿದ್ದರೆ ಮೊದಲ ಶುಚಿಯನ್ನು ಮನೆಯಲ್ಲೇ ಮಾಡಿ, ಮರುದಿನದೊಳಗೆ ಪಶುವೈದ್ಯರಿಗೆ ತೋರಿಸಬಹುದು. ಕಣ್ಣು, ಮೂಗು, ಬಾಯಿ, ಕಿವಿಯ ನಾಳ, ಜನನಾಂಗ, ಗುದ, ಇವುಗಳೊಳಗೆ ಹುಳ ಇಳಿದಿದ್ದರೆ, ಎದೆ ಅಥವಾ ಹೊಟ್ಟೆಯ ಮೇಲಿನ ರಂಧ್ರ ಎಷ್ಟು ಆಳವೆಂದು ತಿಳಿಯದಿದ್ದರೆ, ಪ್ರಾಣಿ ಮರಿಯಾಗಿದ್ದರೆ ಅಥವಾ ಬಹಳ ಮುದಿಯಾಗಿದ್ದರೆ ಮನೆಯಲ್ಲಿ ಕೈಹಾಕದೆ ಹೊರಡಬೇಕು. ಒಸಡು ಬಿಳಿಚಿಕೊಂಡಿರುವುದು, ಕಾಲುಗಳು ತಣ್ಣಗಿರುವುದು, ನಿಲ್ಲಲಾಗದೆ ಒರಗುವುದು, ಗುದದ ಉಷ್ಣಮಾಪಕದಲ್ಲಿ 39.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಥವಾ 37.5ಕ್ಕಿಂತ ಕಡಿಮೆ ಬರುವುದು, ಇವು ನಂಜು ರಕ್ತಕ್ಕೆ ಸೇರುತ್ತಿರುವ ಸೂಚನೆಯಾಗಿರಬಹುದು. ಆಗ ಹುಳ ತೆಗೆಯುವುದಕ್ಕಿಂತ ರಕ್ತನಾಳಕ್ಕೆ ದ್ರವ ಕೊಡಿಸುವುದು ಮುಖ್ಯವಾಗುತ್ತದೆ. ತಾಲ್ಲೂಕು ಮಟ್ಟದ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಜತೆ ನಾಯಿ, ಬೆಕ್ಕುಗಳನ್ನೂ ನೋಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರವಿರುವವರು ಅಲ್ಲಿನ ಆಸ್ಪತ್ರೆಗೂ ಹೋಗಬಹುದು.

ಹುಳ ತೆಗೆಯುವ ಕ್ರಮ

ಎಂಥ ಸಾಧುನಾಯಿಯಾದರೂ ನೋವಾದಾಗ ಕಚ್ಚುತ್ತದೆ ಎಂದೇ ಭಾವಿಸಿ ಕೆಲಸ ಆರಂಭಿಸಬೇಕು. ಹತ್ತಿಯ ಪಟ್ಟಿಯೊಂದನ್ನು ಮೂತಿಗೆ ಸುತ್ತಿ, ಗದ್ದದಡಿ ದಾಟಿಸಿ, ಕಿವಿಗಳ ಹಿಂದೆ ಗಂಟು ಹಾಕಿದರೆ ತಾತ್ಕಾಲಿಕ ಬಾಯಿಕಟ್ಟು ಸಿದ್ಧ. ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ನಾಯಿಗೂ, ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೂ ಇದನ್ನು ಕಟ್ಟಬಾರದು. ಒಬ್ಬರು ತಲೆ ಹಿಡಿದು ಮಾತನಾಡಿಸುತ್ತಿರಬೇಕು, ಇನ್ನೊಬ್ಬರು ಗಾಯ ನೋಡಬೇಕು. ಒಬ್ಬರೇ ಮಾಡುವ ಕೆಲಸ ಇದಲ್ಲ. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಗಾಯವಿರುವ ಭಾಗ ಮಾತ್ರ ಹೊರಗೆ ಬಿಡಬೇಕು.

ಕೈಗೆ ರಬ್ಬರ್ ಕೈಗವಸು, ಮೊಂಡುತುದಿಯ ಚಿಮುಟ, ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜು, ಕೂದಲು ಕತ್ತರಿಸುವ ಯಂತ್ರ ಅಥವಾ ಮೊಂಡುತುದಿಯ ಕತ್ತರಿ, ಟಾರ್ಚು, ಸಲೈನ್ ಬಾಟಲಿ, ಸಾಬೂನು ಕಲಸಿದ ಬಿಸಿನೀರಿನ ಬೋಗುಣಿ ಪಕ್ಕದಲ್ಲಿರಲಿ. ಸಲೈನ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂಬತ್ತು ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಬೆರೆಸಿದರಾಯಿತು. ಗಾಯದ ಸುತ್ತ ಮೂರ್ನಾಲ್ಕು ಬೆರಳಗಲ ಕೂದಲು ತೆಗೆಯಬೇಕು. ಇದನ್ನು ಅನೇಕರು ಬೇಸರದಿಂದ ಬಿಟ್ಟುಬಿಡುತ್ತಾರೆ. ಆದರೆ ಅಂಚಿನ ಕೂದಲಿಗೆ ಚಿರೋಟಿ ರವೆಯಂತೆ ಅಂಟಿರುವ ಮೊಟ್ಟೆಗಳು ಅಲ್ಲೇ ಉಳಿದರೆ ಮರುದಿನ ಬೆಳಗ್ಗೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ನೀರು ಹಾಕಿದ ಮಾತ್ರಕ್ಕೆ ಈ ಮೊಟ್ಟೆಗಳು ಬಿಡುವುದಿಲ್ಲ, ಕೂದಲಿನ ಸಮೇತ ಕತ್ತರಿಸಿಯೇ ತೆಗೆಯಬೇಕು. ಕೂದಲು ಗಾಯದೊಳಗೆ ಬೀಳದಂತೆ ಮೊದಲು ಗಾಯದ ಬಾಯಿಗೆ ಸಲೈನಿನಲ್ಲಿ ಅದ್ದಿದ ಹತ್ತಿಬಟ್ಟೆ ಮುಚ್ಚಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಈಗ ಸಿರಿಂಜಿನಿಂದ ಉಗುರುಬೆಚ್ಚಗಿನ ಸಲೈನನ್ನು ರಂಧ್ರದ ಒಳಗೆ ಓರೆಯಾಗಿ ಹರಿಸುತ್ತ ಹೋದರೆ ಸಡಿಲವಾಗಿರುವ ಹುಳುಗಳು ನೀರಿನ ಜತೆ ಬರುತ್ತವೆ. ಆಳದಲ್ಲಿ ಕಚ್ಚಿಕೊಂಡಿರುವವುಗಳ ಉಸಿರು ಕಟ್ಟಿಸಲು ಗಾಯದ ಬಾಯಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪವಾಗಿ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟರೆ, ಗಾಳಿಗಾಗಿ ಅವು ಬಾಲ ಮೇಲೆತ್ತುತ್ತವೆ. ಆಗ ಚಿಮುಟದಿಂದ ಬಾಲದ ತುದಿ ಹಿಡಿದು, ಜಗ್ಗದೆ, ನಿಧಾನವಾಗಿ ಒಂದೇ ಒತ್ತಡದಲ್ಲಿ ಎಳೆಯಬೇಕು. ಮೈಮೇಲಿನ ಮುಳ್ಳುಗಳ ಸಾಲಿನಿಂದ ಹುಳು ಹಿಡಿತ ಬಿಡದೆ ನಿಲ್ಲುತ್ತದೆ, ಆತುರಪಟ್ಟರೆ ನಡುವೆ ತುಂಡಾಗುತ್ತದೆ. ಒಳಗುಳಿದ ತುಂಡು ಕೊಳೆತು ಹೊಸ ಕೀವಿಗೆ ಕಾರಣವಾಗುತ್ತದೆ. ಬೆರಳಿನಿಂದ ಗಾಯವನ್ನು ಹಿಂಡುವುದು ಇದೇ ಕಾರಣಕ್ಕೆ ತಪ್ಪು. ತೆಗೆದ ಹುಳುಗಳನ್ನು ಅಂಗಳಕ್ಕೆ ಎಸೆದರೆ ಬಲಿತವು ಮಣ್ಣು ಸೇರಿ ನೊಣವಾಗಿಯೇ ಮರಳುವುದರಿಂದ ಸಾಬೂನುನೀರಿನ ಬೋಗುಣಿಗೆ ಹಾಕಿ, ಕೊನೆಯಲ್ಲಿ ಕುದಿಯುವ ನೀರು ಸುರಿಯಬೇಕು.

ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಪ್ರಾಣಿಯನ್ನು ಹೀಗೆ ಹಿಡಿದಿಡುವುದು ಸರಿಯಲ್ಲ. ಇನ್ನೂ ಹುಳು ಉಳಿದಿದ್ದರೆ ಅದು ಅರಿವಳಿಕೆ ಕೊಟ್ಟು ತೆಗೆಯಬೇಕಾದ ಗಾಯವೆಂದು ಒಪ್ಪಿಕೊಳ್ಳಬೇಕು. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ತೊಳೆದು, ಗಾಳಿಯಾಡುವ ತೆಳು ಬಟ್ಟೆಯಿಂದ ಮುಚ್ಚಿ, ಕೊರಳಿಗೆ ಶಂಕುವಿನಾಕಾರದ ಪ್ಲಾಸ್ಟಿಕ್ ಕಾಲರ್ ತೊಡಿಸಿ, ನೊಣ ಬಾರದ ಜಾಲರಿಯ ಕೋಣೆಯಲ್ಲಿ ಇಡಬೇಕು.

ಕೈಗೆ ಸಿಕ್ಕ ಬಾಟಲಿಗಳ ಅಪಾಯ

ಹುಳ ಕಂಡೊಡನೆ ಮನೆಯ ಮೂಲೆಯಲ್ಲಿರುವ ಬಾಟಲಿಯೊಂದರ ಕಡೆ ಕೈ ಹೋಗುವುದು ಸಹಜ. ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್, ಇರುವೆಪುಡಿ, ನುಸಿಗುಳಿಗೆಯ ಪುಡಿ, ಹೊಗೆಸೊಪ್ಪು, ಸುಣ್ಣ, ಇವೆಲ್ಲವನ್ನೂ ಗಾಯಕ್ಕೆ ತುಂಬುವವರಿದ್ದಾರೆ. ಹುಳ ಸಾಯುವುದು ನಿಜ, ಜತೆಗೆ ಉಳಿಯಬಹುದಾಗಿದ್ದ ಮಾಂಸವೂ ಸಾಯುತ್ತದೆ. ಹುಳುಗಳು ಮಾಡಿದ ಗಾಯ ಶುಚಿಯಾಗಿಟ್ಟರೆ ಆಶ್ಚರ್ಯವೆನಿಸುವಷ್ಟು ಬೇಗ ತುಂಬಿಕೊಳ್ಳುತ್ತದೆ. ಸೀಮೆಎಣ್ಣೆ ಸುಟ್ಟ ಗಾಯ ಹಾಗೆ ತುಂಬುವುದಿಲ್ಲ. ಆಳದ ಪೊಳ್ಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದೂ ಬೇಡ. ನೊರೆ ಬರುವುದನ್ನು ನೋಡಿ ಶುಚಿಯಾಯಿತೆಂದು ಅನಿಸಿದರೂ ಅದು ಹೊಸದಾಗಿ ಹುಟ್ಟುತ್ತಿರುವ ಅಂಗಾಂಶವನ್ನು ಕೊಲ್ಲುತ್ತದೆ.

ಟರ್ಪೆಂಟೈನ್ ಎಣ್ಣೆಯ ಮಾತು ಸ್ವಲ್ಪ ಬೇರೆ. ದನಗಳ ಗಾಯಕ್ಕೂ ನಾಯಿಗಳ ಗಾಯಕ್ಕೂ ಅದರಲ್ಲಿ ಅದ್ದಿದ ಬಟ್ಟೆಯನ್ನು ತುರುಕಿ ಹುಳುಗಳನ್ನು ಹೊರಬರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ, ಈಗಲೂ ಪಶುವೈದ್ಯರು ನಾಯಿಗಳಲ್ಲಿ ಅಳತೆಯಿಟ್ಟು ಬಳಸುವುದುಂಟು. ಅದು ಉರಿಯುತ್ತದೆ, ಚರ್ಮದ ಮೂಲಕವೂ ನೆಕ್ಕುವುದರಿಂದಲೂ ದೇಹ ಸೇರುತ್ತದೆ. ಆದ್ದರಿಂದ ಮನೆಯವರು ಅದನ್ನು ಮುಟ್ಟದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಹಳ್ಳಿಗಳಲ್ಲಿ ಸೀತಾಫಲದ ಎಲೆ ಅರೆದು ದನಗಳ ಗಾಯಕ್ಕೆ ಕಟ್ಟುವ ಮದ್ದೂ ಇದೆ. ಎಲೆಯಲ್ಲಿ ಕೀಟನಾಶಕ ಗುಣವಿರುವುದು ಸುಳ್ಳಲ್ಲವಾದರೂ, ಮೈ ನೆಕ್ಕುವ ಪ್ರಾಣಿಗೆ ಅದು ಹೊಂದುವುದಿಲ್ಲ; ಬೀಜದ ಪುಡಿಯಂತೂ ಕಣ್ಣಿಗೆ ತಾಗಿದರೆ ತೀವ್ರ ಹಾನಿ ಮಾಡುತ್ತದೆ.

ಬೆಕ್ಕಿನ ವಿಷಯದಲ್ಲಿ ಈ ಎಚ್ಚರವನ್ನು ಎರಡು ಪಟ್ಟು ಮಾಡಬೇಕು. ಫೀನಾಲ್ ಜಾತಿಯ ವಸ್ತುಗಳನ್ನು ವಿಂಗಡಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಫಿನಾಯಿಲ್, ಡೆಟಾಲ್, ಟರ್ಪೆಂಟೈನ್, ಕರ್ಪೂರ ಇವೆಲ್ಲ ಅದಕ್ಕೆ ವಿಷ. ಪರ್ಮೆಥ್ರಿನ್ ಇರುವ ಕೀಟನಾಶಕ ನಾಯಿಗೆ ಒಗ್ಗಿದರೂ ಬೆಕ್ಕಿನಲ್ಲಿ ನಡುಕ, ಸೆಳವು, ಸಾವಿಗೂ ಕಾರಣವಾಗುತ್ತದೆ. ಔಷಧಿ ಅಂಗಡಿಯಲ್ಲಿ ಹುಳದ ಗಾಯಕ್ಕೆಂದೇ ಸಿಗುವ ಸ್ಪ್ರೇಗಳನ್ನು ಕೊಳ್ಳುವಾಗ ಬೆಕ್ಕಿಗೆ ಬಳಸಬಹುದೆಂದು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿದೆಯೇ ಎಂದು ಓದಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಬೆಕ್ಕನ್ನು ಕೊಂದಂತೆ. ನಾಯಿಗೂ ಮನುಷ್ಯರ ನೋವಿನ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಕೊಡಬಾರದು.

ವೈದ್ಯರು ಕೊಡುವ ಔಷಧಿ ಮತ್ತು ಮುಂದಿನ ದಿನಗಳು

ಬಾಯಿಯ ಮೂಲಕ ಕೊಡುವ ನೈಟೆನ್‌ಪೈರಾಮ್ ಮಾತ್ರೆ ಕೆಲವೇ ಗಂಟೆಗಳಲ್ಲಿ ಹುಳುಗಳನ್ನು ಕೊಲ್ಲುತ್ತದೆ, ನಾಯಿ ಬೆಕ್ಕು ಎರಡಕ್ಕೂ ಬಳಕೆಯಲ್ಲಿದೆ. ಉಣ್ಣೆ, ಚಿಗಟಗಳಿಗೆ ಕೊಡುವ ಐಸೊಕ್ಸಜೋಲಿನ್ ವರ್ಗದ ಮಾತ್ರೆಗಳನ್ನೂ ವೈದ್ಯರು ಇದಕ್ಕೆ ಬಳಸುತ್ತಾರೆ. ಮೂರ್ಛೆ ಬಂದ ಇತಿಹಾಸವಿರುವ ನಾಯಿಯಾದರೆ ಅದನ್ನು ಮೊದಲೇ ತಿಳಿಸಬೇಕು. ನಮ್ಮಲ್ಲಿ ಹೆಚ್ಚಾಗಿ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್‌ನಂಥ ತಳಿಗಳ ಮತ್ತು ಅವುಗಳ ಮಿಶ್ರತಳಿಗಳ ಅನೇಕ ನಾಯಿಗಳು ತಾಳಿಕೊಳ್ಳಲಾರವು. ಅವುಗಳಲ್ಲಿರುವ ಒಂದು ವಂಶವಾಹಿ ದೋಷದಿಂದ ಔಷಧಿ ಮಿದುಳಿಗೆ ಸೇರಿಬಿಡುತ್ತದೆ. ದನಗಳಿಗೆಂದು ತಂದ ಐವರ್‌ಮೆಕ್ಟಿನ್ ಬಾಟಲಿಯಿಂದ ಅಂದಾಜಿನಲ್ಲಿ ನಾಯಿಗೆ ಚುಚ್ಚುವ ಪರಿಪಾಠ ಅಪಾಯಕಾರಿ. ಯಾವ ಔಷಧಿಯಿಂದ ಹುಳ ಸತ್ತರೂ ಸತ್ತ ಹುಳುಗಳು ಗಾಯದಿಂದ ಹೊರಬರಬೇಕು ಎಂಬುದು ಬದಲಾಗುವುದಿಲ್ಲ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎಂಬುದನ್ನು ಗಾಯ ನೋಡಿದವರೇ ನಿರ್ಧರಿಸಲಿ.

ಹುಳ ಬಿದ್ದ ಗಾಯವನ್ನು ಸಾಮಾನ್ಯವಾಗಿ ಮೊದಲ ದಿನವೇ ಹೊಲಿಯುವುದಿಲ್ಲ. ತೆರೆದಿಟ್ಟು ಒಳಗಿನಿಂದ ತುಂಬಿಕೊಳ್ಳಲು ಬಿಡುತ್ತಾರೆ. ಇದನ್ನು ವೈದ್ಯರ ಅಲಕ್ಷ್ಯವೆಂದು ತಪ್ಪು ತಿಳಿಯಬಾರದು. ಮೊದಲ ಎರಡು ದಿನ ಬೆಳಗ್ಗೆ ಸಂಜೆ ಎರಡೂ ಹೊತ್ತು ಪಟ್ಟಿ ಬಿಚ್ಚಿ, ಟಾರ್ಚು ಹಿಡಿದು ನೋಡಿ, ತೊಳೆದು, ಹೊಸ ಪಟ್ಟಿ ಹಾಕಬೇಕು; ಆಮೇಲೆ ದಿನಕ್ಕೊಮ್ಮೆ ಸಾಕು. ವಾಸನೆ ಹೋಗಿ, ಗಾಯದ ತಳದಲ್ಲಿ ಕೆಂಪಾದ, ಸಣ್ಣ ಹರಳುಹರಳಾದ ಹೊಸ ಮಾಂಸ ಕಂಡರೆ ದಾರಿ ಸರಿಯಿದೆ. ಮೂರನೆಯ ದಿನವೂ ವಾಸನೆ ಉಳಿದಿದ್ದರೆ ಒಳಗೆಲ್ಲೋ ಇನ್ನೊಂದು ಪೊಳ್ಳಿದೆ. ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಳುಗಳು ನಾಯಿಯಿಂದ ಮನೆಯವರ ಆರೋಗ್ಯವಂತ ಚರ್ಮಕ್ಕೆ ಕೊರೆದುಕೊಂಡು ಬರುವುದಿಲ್ಲ. ಆದರೆ ಅದೇ ನೊಣ ಮನುಷ್ಯರ ಗಾಯಕ್ಕೂ ಮೊಟ್ಟೆಯಿಡುವುದರಿಂದ, ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಗಾಯಗಳನ್ನು ಮುಚ್ಚಿಡುವುದು ಅಗತ್ಯ.

ಬೀದಿನಾಯಿಗೆ ಸಹಾಯ ಮಾಡಲು ಹೊರಟವರಿಗೆ ಒಂದು ಮಾತು. ಬೇರೆ ನಾಯಿ ಕಚ್ಚಿದ ಗಾಯಕ್ಕೇ ಹುಳ ಬಿದ್ದಿರಬಹುದು, ಕಚ್ಚಿದ ನಾಯಿಗೆ ರೇಬೀಸ್ ಇತ್ತೇ ಎಂದು ಯಾರೂ ಹೇಳಲಾರರು. ಕೈಗವಸು ಹಾಕಿಯೇ ಮುಟ್ಟಬೇಕು. ಕಚ್ಚಿದರೆ ಅಥವಾ ಒಡೆದ ಚರ್ಮಕ್ಕೆ ಜೊಲ್ಲು ತಾಗಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಆರಂಭಿಸಬೇಕು.

ಹೊರದೇಶದಲ್ಲಿರುವವರಿಗೆ

ಅಮೆರಿಕದಲ್ಲಿ ಬೆಕ್ಕು ಸಾಕಿರುವ ಕನ್ನಡಿಗರು ಬೇರೆಯದೇ ಹುಳುವನ್ನು ಕಾಣಬಹುದು. ಅಲ್ಲಿನ ಕ್ಯೂಟೆರೆಬ್ರಾ ನೊಣ ಇಲಿ, ಮೊಲಗಳು ಓಡಾಡುವ ಬಿಲದ ಬಳಿ ಮೊಟ್ಟೆಯಿಡುತ್ತದೆ. ಬೇಟೆಗೆ ಹೋದ ಬೆಕ್ಕಿನ ಮೈಗೆ ಮರಿ ಅಂಟಿ, ಮೂಗು ಬಾಯಿಗಳ ಮೂಲಕ ದೇಹ ಸೇರಿ, ಬೇಸಿಗೆಯ ಕೊನೆಯ ಹೊತ್ತಿಗೆ ಕತ್ತು ಅಥವಾ ತಲೆಯ ಚರ್ಮದಡಿ ಒಂದೇ ಒಂದು ಗಂಟಾಗಿ, ಅದರ ನೆತ್ತಿಯಲ್ಲಿ ಉಸಿರಾಟದ ಸಣ್ಣ ತೂತಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಹಿಂಡಿದರೆ ಒಳಗೇ ಹುಳು ಒಡೆದು ತೀವ್ರ ಅಲರ್ಜಿಯಾಗುವ ಅಪಾಯವಿರುವುದರಿಂದ ವೈದ್ಯರೇ ತೂತನ್ನು ಹಿಗ್ಗಿಸಿ ಇಡಿಯಾಗಿ ತೆಗೆಯಬೇಕು. ಆಫ್ರಿಕಾದಲ್ಲಿರುವವರು ನೆಲದ ಮರಳಿನಲ್ಲೂ ಒಣಹಾಕಿದ ಬಟ್ಟೆಯಲ್ಲೂ ಮೊಟ್ಟೆಯಿಡುವ ಟುಂಬು ನೊಣದ ಬಗ್ಗೆ ತಿಳಿದಿರಬೇಕು. ಅದರ ಮರಿ ಆರೋಗ್ಯವಂತ ಚರ್ಮವನ್ನೇ ಕೊರೆದು ಹೊಗುತ್ತದೆ. ಜೀವಂತ ಮಾಂಸ ತಿನ್ನುವ ಅಮೆರಿಕ ಖಂಡದ ಇನ್ನೊಂದು ನೊಣವನ್ನು ಬಂಜೆಗೊಳಿಸಿದ ಗಂಡುನೊಣಗಳನ್ನು ಬಿಟ್ಟು ದಶಕಗಳ ಹಿಂದೆಯೇ ಉತ್ತರ ಅಮೆರಿಕದಿಂದ ಅಳಿಸಲಾಗಿತ್ತು. ಅದು 2024ರ ನವೆಂಬರಿನಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಪತ್ತೆಯಾಗಿದ್ದರಿಂದ, ಅಮೆರಿಕದಲ್ಲಿ ಸಾಕುಪ್ರಾಣಿಯ ಗಾಯದಲ್ಲಿ ಹುಳ ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು.

ಮತ್ತೆ ಬೀಳದಂತೆ

ಹುಳ ತೆಗೆದ ಮೇಲೆ ನೊಣ ಆ ಜಾಗಕ್ಕೇ ಏಕೆ ಬಂತೆಂದು ಕೇಳಿಕೊಳ್ಳದಿದ್ದರೆ ಅದೇ ನಾಯಿ ಅದೇ ಮಳೆಗಾಲದಲ್ಲಿ ಮತ್ತೆ ಆಸ್ಪತ್ರೆ ಹತ್ತುತ್ತದೆ. ಕಿವಿ ಸೋರುತ್ತಿದ್ದರೆ ಕಿವಿಗೆ, ಉಣ್ಣೆ ಹತ್ತಿದ್ದರೆ ಉಣ್ಣೆಗೆ, ಭೇದಿಯಿಂದ ಹಿಂಭಾಗ ತೊಯ್ಯುತ್ತಿದ್ದರೆ ಭೇದಿಗೆ ಚಿಕಿತ್ಸೆ ಆಗಬೇಕು. ಷಿಟ್ಜು, ಪರ್ಷಿಯನ್‌ಗಳಂಥ ಉದ್ದಕೂದಲಿನ ಪ್ರಾಣಿಗಳಿಗೆ ಬಾಲದಡಿಯ ಕೂದಲನ್ನು ಮಳೆಗಾಲಕ್ಕೆ ಮೊದಲೇ ಗಿಡ್ಡ ಮಾಡಿಸಬೇಕು, ಮಳೆಯಲ್ಲಿ ನೆನೆದು ಬಂದ ದಿನ ಚರ್ಮದವರೆಗೂ ಒಣಗಿಸಬೇಕು. ಸೊಂಟ ಬಿದ್ದ ಪ್ರಾಣಿಯನ್ನು ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಿ ಮಲಗಿಸಿ, ಒದ್ದೆಯಾದ ಹಾಸನ್ನು ಆಗಿಂದಾಗಲೇ ತೆಗೆಯಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿ ಹೊಲಿಗೆ ಬಿಚ್ಚುವವರೆಗೆ ಅಂಗಳದಲ್ಲಿ ಮಲಗದಿರಲಿ. ಈ ನೊಣಗಳು ಹಗಲಿನಲ್ಲಿ ಹಾರಾಡುವುದರಿಂದ ಗಾಯವಿರುವ ಪ್ರಾಣಿಯನ್ನು ಹಗಲು ಜಾಲರಿಯೊಳಗಿಟ್ಟು, ನಸುಕಿನಲ್ಲೋ ಕತ್ತಲಾದ ಮೇಲೋ ಹೊರಗೆ ಕರೆದೊಯ್ಯುವುದು ಒಳ್ಳೆಯದು. ನಾಯಿಯ ಮಲವನ್ನು ಅಂಗಳದಲ್ಲಿ ಬಿಡದಿರುವುದು, ಕಸದ ಬುಟ್ಟಿಗೆ ಮುಚ್ಚಳವಿರುವುದು ಹೇಳಬೇಕಾಗಿಲ್ಲದ ಮಾತುಗಳು.

ತೋಟ, ಗದ್ದೆಮನೆಗಳಲ್ಲಿ ಕಟ್ಟಿಹಾಕಿ ಬೆಳೆಸುವ ಮರಿಗಳ ಕೊರಳಹಗ್ಗವನ್ನು ಮಾತ್ರ ಯಾರೂ ನೋಡುವುದಿಲ್ಲ. ಮರಿ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಎರಡು ಮೂರು ತಿಂಗಳಲ್ಲಿ ಹಗ್ಗ ಚರ್ಮವನ್ನು ಕೊಯ್ದು ಒಳಗಿಳಿದು, ಕೂದಲಿನ ಮರೆಯಲ್ಲಿ ಕೊರಳ ಸುತ್ತ ಹುಳುಗಳ ಸಾಲೇ ಕಟ್ಟಿರುತ್ತದೆ. ವಾರಕ್ಕೊಮ್ಮೆ ಕೊರಳಪಟ್ಟಿಯ ಅಡಿ ಎರಡು ಬೆರಳು ಸರಾಗವಾಗಿ ಹೋಗುತ್ತವೆಯೇ ಎಂದು ನೋಡಿ, ಹೋಗದಿದ್ದರೆ ಅಂದೇ ಸಡಿಲಿಸಬೇಕು.